ಕೀಲಿಯ ಒಳಗ ಏನೈತಿ?

ಹೋದ ಭಾನುವಾರ ಬೆಳಗ್ಗೆ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದೆ. ಎದುರು ಮನೆಯ ಮುಂದೆ ಕಟ್ ಕಟ್ ಅಂತ ಸದ್ದು. ತಲೆಯೆತ್ತಿ ನೋಡಿದರೆ ಸಾವುಕಾರರ ಮೊಮ್ಮಗ, ಎಂಟನೇ ಇಯತ್ತೆಯ ಹುಡುಗ, ಅವರ ಹಳೆಯ ಬಿಳಿ ಕಾರಿನ ಬಾಗಿಲಿಗೆ ಕೀಲಿಕೈ ಹಾಕಿ ತಿರುವುತ್ತಿದ್ದ. ಅದು ತಿರುಗುತ್ತಿರಲಿಲ್ಲ. ಹುಡುಗ ಒಳಗೆ ಹೋಗಿ ಪಕ್ಕಡ ತಂದ. ಕೀಲಿಕೈಯ ತಲೆಯನ್ನು ಪಕ್ಕಡದಲ್ಲಿ ಹಿಡಿದು, ಕಾಲು ಊರಿ, ಇನ್ನೇನು ಜೋರು ಹಾಕಬೇಕು.

“ತಡಿ ತಮ್ಮಾ! ಕೈ ತಗಿ!” ಎಂದು ಕೂಗಿದೆ. ಚಪ್ಪಲಿ ಹುಡುಕದೆ ಬರಿಗಾಲಲ್ಲೇ ರಸ್ತೆ ದಾಟಿದೆ.

ಮುಂದೆ ಹೇಳುವ ಮೊದಲು ಒಂದು ಮಾತು. ನಮ್ಮ ತಾಳಿಕೋಟೆ ಕಡೆ ಬೀಗಕ್ಕೆ ಕೀಲಿ ಎನ್ನುತ್ತೇವೆ, ಅದನ್ನು ತೆರೆಯುವುದಕ್ಕೆ ಕೀಲಿಕೈ ಎನ್ನುತ್ತೇವೆ. ಮೈಸೂರು ಕಡೆಯ ಮಕ್ಕಳು ಗೊಂದಲ ಮಾಡಿಕೊಳ್ಳಬೇಡಿ. ಈ ವಾರ ನಾನು ನಮ್ಮೂರಿನ ಮಾತಿನಲ್ಲೇ ಬರೆಯುತ್ತೇನೆ.

ಸಾವುಕಾರರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ಕಣ್ಣಿಗೆ ಕರಿ ಕನ್ನಡಕ. ಪೊರೆಯ ಆಪರೇಷನ್ ಆಗಿದೆ. “ಮಾಸ್ತರ, ನಾಳಿ ವಿಜಯಪುರಕ್ಕ ಕಣ್ಣು ತೋರಿಸಾಕ ಹೋಗಬೇಕ್ರಿ. ಡ್ರೈವರಗ ಹೇಳೀನಿ. ಗಾಡಿ ನಿಂತು ಎರಡು ತಿಂಗಳಾತು. ರಿಮೋಟ್ ಒತ್ತಿದ್ರ ಕುಂಯ್ ಅನ್ನವಲ್ದು” ಎಂದರು.

ಎರಡು ತಿಂಗಳು ನಿಂತ ಗಾಡಿಯ ಬ್ಯಾಟರಿ ಇಳಿದುಹೋಗಿತ್ತು. ಬ್ಯಾಟರಿ ಇಲ್ಲದಿದ್ದರೆ ರಿಮೋಟ್‌ನ ಮಾತು ಕೇಳುವವರು ಯಾರು? ಬಾನೆಟ್ ಎತ್ತಿ ಬ್ಯಾಟರಿಗೆ ಜೀವ ಕೊಡೋಣವೆಂದರೆ ಬಾನೆಟ್ ತೆರೆಯುವ ಹಿಡಿಕೆ ಇರುವುದು ಕಾರಿನ ಒಳಗೆ. ಒಳಗೆ ಹೋಗಬೇಕೆಂದರೆ ಬಾಗಿಲು ತೆರೆಯಬೇಕು. ಆ ಗಾಡಿಗೆ ಹೊರಗಿನಿಂದ ಕೀಲಿಕೈ ಹಾಕುವ ತೂತು ಇರುವುದು ಡ್ರೈವರ್ ಬಾಗಿಲಿಗೆ ಒಂದೇ. ಆ ಒಂದು ತೂತಿನಲ್ಲಿ ಕೀಲಿಕೈ ಮುರಿದರೆ ಅರ್ಧ ಕೈಯಲ್ಲಿ, ಅರ್ಧ ಒಳಗೆ. ಆಮೇಲೆ ಗಾಜು ಒಡೆಯಬೇಕು, ಇಲ್ಲವೆ ದೂರದಿಂದ ಕೀಲಿ ರಿಪೇರಿಯವನನ್ನು ಕರೆಸಬೇಕು.

ಇಷ್ಟೆಲ್ಲ ಲೆಕ್ಕ ಹಾಕಿ ನಾನು ಓಡಿದೆ ಅಂದುಕೊಳ್ಳಬೇಡಿ. ನಾನು ಓಡಿದ್ದು ಇಂಥದೇ ಒಂದು ಬಾಗಿಲ ಮುಂದೆ ಒಮ್ಮೆ ನಾನೇ ತಪ್ಪು ಮಾಡಿ ನಿಂತಿದ್ದೆ ಎಂಬ ಕಾರಣಕ್ಕೆ. ಆ ಕಥೆ ಹೇಳದೆ ಈ ಕೀಲಿ ತೆರೆಯುವುದಿಲ್ಲ.

ಅದು 2019ರ ಜನವರಿ. ನಾನೂ ನಮ್ಮ ಮನೆಯವರೂ ಮಗಳ ಮನೆಗೆ ಹೋಗಿದ್ದೆವು, ಅಮೆರಿಕದ ಮಿನಿಯಾಪೊಲಿಸ್‌ಗೆ. ಮಗಳು ಅಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಮೊಮ್ಮಗನಿಗೆ ಆಗ ಒಂಬತ್ತು ವರ್ಷ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರಿನವರು ನಾವು. ಅಲ್ಲಿ ಚಳಿಗಾಲದಲ್ಲಿ ಕೆರೆಗಳೇ ಗಟ್ಟಿಯಾಗುತ್ತವೆ. ಜನ ಕೆರೆಯ ಮೇಲೆ ನಡೆದುಹೋಗಿ, ಗುಡಾರ ಹಾಕಿ, ಬರ್ಫಕ್ಕೆ ತೂತು ಕೊರೆದು ಮೀನು ಹಿಡಿಯುತ್ತಾರೆ. ನಮ್ಮ ಮನೆಯವರು ಕಿಟಕಿಯಲ್ಲಿ ನಿಂತು, “ಇದೇನ ಊರವ್ವ, ನೀರಿನ ಮ್ಯಾಲ ಜನ ಅಡ್ಡಾಡತಾರ” ಎಂದು ಬೆರಗಾಗಿದ್ದರು.

ಮಗಳ ಮನೆಯ ಕಿಟಕಿಯ ಹೊರಗೆ ಒಂದು ಥರ್ಮಾಮೀಟರ್ ತೂಗುಹಾಕಿದ್ದರು. ಅದರೊಳಗೆ ಕೆಂಪು ದ್ರವ. “ಅಜ್ಜಾ, ನಿಮ್ಮ ಸಾಲ್ಯಾಗಿನ ಥರ್ಮಾಮೀಟರ್ ಬೆಳ್ಳಿ ಬಣ್ಣ ಇತ್ತಲ್ಲ, ಇದು ಯಾಕ ಕೆಂಪು?” ಎಂದು ಮೊಮ್ಮಗ ಕೇಳಿದ. ನನಗೆ ಖುಷಿಯೋ ಖುಷಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿದವನು ನಾನು. ಕೂರಿಸಿಕೊಂಡು ಹೇಳಿದೆ: ಬೆಳ್ಳಿ ಬಣ್ಣದ್ದು ಪಾದರಸ. ಅದು ಸೊನ್ನೆಗಿಂತ 39 ಡಿಗ್ರಿ ಕೆಳಗೆ ಹೋದರೆ ಗಟ್ಟಿಯಾಗುತ್ತದೆ. ಬಹಳ ಚಳಿಯ ಊರುಗಳಿಗೆ ಅದು ಆಗಿಬರುವುದಿಲ್ಲ. ಈ ಕೆಂಪು ದ್ರವ ಬಣ್ಣ ಹಾಕಿದ ಆಲ್ಕೋಹಾಲ್, ಅಂದರೆ ಸ್ಪಿರಿಟ್ ಜಾತಿಯದು. ಅಪ್ಪಟ ಆಲ್ಕೋಹಾಲ್ ಗಟ್ಟಿಯಾಗಲು ಸೊನ್ನೆಗಿಂತ 114 ಡಿಗ್ರಿ ಕೆಳಗೆ ಹೋಗಬೇಕು.

ಹುಡುಗ ತಲೆ ಆಡಿಸಿ ಆಡಲು ಓಡಿದ. ಅಲ್ಲಿಗೆ ಮರೆತಿರಬೇಕು ಅಂದುಕೊಂಡೆ.

ಸಂಕ್ರಮಣ ಕಳೆದ ಮೇಲೆ ಒಂದು ಸಂಜೆ ಮಗಳು ಕಾರನ್ನು ತೊಳೆಸಿಕೊಂಡು ಬಂದಳು. ಅಲ್ಲಿ ಚಳಿಗಾಲದಲ್ಲಿ ರಸ್ತೆಯ ಬರ್ಫ ಕರಗಲೆಂದು ಉಪ್ಪು ಸುರಿಯುತ್ತಾರೆ. ಆ ಉಪ್ಪು ಗಾಡಿಯ ತಳಕ್ಕೆ ಮೆತ್ತಿಕೊಂಡು ತುಕ್ಕು ಹಿಡಿಸುತ್ತದೆ. ಅದಕ್ಕೇ ಆಗಾಗ ತೊಳೆಸುತ್ತಾರೆ. ತೊಳೆದ ನೀರಿನಲ್ಲಿ ಒಂದಿಷ್ಟು ಬಾಗಿಲಿನ ಕೀಲಿಯೊಳಗೆ ಹೊಕ್ಕಿತ್ತು. ರಾತ್ರಿ ಥರ್ಮಾಮೀಟರ್ ಸೊನ್ನೆಗಿಂತ 18 ಡಿಗ್ರಿ ಕೆಳಗೆ ಇಳಿಯಿತು. ನಿಮ್ಮ ಮನೆಯ ಫ್ರಿಜ್‌ನಲ್ಲಿ ಐಸ್ ಮಾಡುವ ಖಾನೆ ಇದೆಯಲ್ಲ, ಹೆಚ್ಚು ಕಡಿಮೆ ಅಷ್ಟೇ ಚಳಿ. ಇಡೀ ಊರೇ ಆ ಖಾನೆಯೊಳಗೆ ಕೂತ ಹಾಗೆ.

ಬೆಳಗ್ಗೆ ಆರು ಗಂಟೆ, ಇನ್ನೂ ಕತ್ತಲು. ಮಗಳಿಗೆ ಏಳಕ್ಕೆ ಡ್ಯೂಟಿ. ಕಾರು ಹಳೆಯದು, ಸೆಕೆಂಡ್ ಹ್ಯಾಂಡ್ ಕೊಂಡದ್ದು, ರಿಮೋಟ್ ಇರಲಿಲ್ಲ. ಕೀಲಿಕೈ ಅರ್ಧ ಹೋಯಿತು, ಅಲ್ಲೇ ನಿಂತಿತು. “ಅಪ್ಪಾ, ಕೀಲಿ ಬರ್ಫ ಹಿಡದೈತಿ. ನಾ ಆಸ್ಪತ್ರೆಗೆ ಫೋನ್ ಮಾಡಿ ಬರತೀನಿ, ಏನೂ ಮಾಡಬ್ಯಾಡ” ಎಂದು ಹೇಳಿ ಮೇಲೆ ಹೋದಳು.

ಏನೂ ಮಾಡಬ್ಯಾಡ ಎಂದರೆ ಸುಮ್ಮನಿರುವ ಕೈಗಳೇ ನಮ್ಮವು? ಬರ್ಫಕ್ಕೆ ಬಿಸಿನೀರಿಗಿಂತ ಮದ್ದು ಯಾವುದು ಅಂದುಕೊಂಡೆ. ಚಹಾಕ್ಕೆಂದು ಕಾಯಿಸಿದ್ದ ನೀರನ್ನು ತಂಬಿಗೆಯಲ್ಲಿ ತಂದು ಕೀಲಿಯ ಮೇಲೆ ಸುರಿದೇಬಿಟ್ಟೆ. ಭುಸ್ಸೆಂದು ಹಬೆ ಎದ್ದಿತು. ಕೀಲಿಕೈ ಪೂರ್ತಿ ಒಳಗೆ ಹೋಯಿತು. ಗೆದ್ದೆ ಅಂದುಕೊಂಡೆ. ತಿರುವಿದೆ, ತಿರುಗಲಿಲ್ಲ. ಹೊರಗೆ ತೆಗೆದು ಒರೆಸಿ ಮತ್ತೆ ಹಾಕಲು ಹೋದರೆ ತೂತಿನ ಬಾಯಿ ಬೆಳ್ಳಗಾಗಿತ್ತು. ಬಾಗಿಲ ಸಂದಿಗೂ ನೀರು ಇಳಿದು ಅಲ್ಲೂ ಬರ್ಫ ಕಟ್ಟತೊಡಗಿತು. ಮೊದಲು ಅರ್ಧ ಹೋಗುತ್ತಿದ್ದ ಕೀಲಿಕೈ ಈಗ ತುದಿಯನ್ನೂ ಒಳಗೆ ಬಿಡಲಿಲ್ಲ.

ಮೇಲಿನ ಕಿಟಕಿಯಿಂದ ನಮ್ಮ ಮನೆಯವರು, “ಉಪ್ಪು ಹಾಕ್ರೀ, ರಸ್ತೆಕ್ಕ ಹಾಕತಾರಲ್ಲ” ಎಂದರು. ನಾನು ಒಂದು ಕೈಯಲ್ಲಿ ಖಾಲಿ ತಂಬಿಗೆ ಹಿಡಿದು ನಿಂತಿದ್ದೆ.

ಅಷ್ಟರಲ್ಲಿ ಮೊಮ್ಮಗ ದಪ್ಪ ಕೋಟು ತೊಟ್ಟು ಕೆಳಗೆ ಬಂದ. ಕೀಲಿ ನೋಡಿದ, ತಂಬಿಗೆ ನೋಡಿದ, ನನ್ನ ಮುಖ ನೋಡಿದ. ಬೈಯಲಿಲ್ಲ, ನಗಲಿಲ್ಲ. ಒಂದೇ ಮಾತು ಕೇಳಿದ: “ಅಜ್ಜಾ, ಒಳಗ ಏನೈತಿ?”

“ಬರ್ಫ ಐತೆಪಾ.”

“ಹಂಗಾರ ಗಟ್ಟಿ ಆಗದ್ದು ಹಾಕಬೇಕು. ನೀನs ಹೇಳಿದ್ದೆಲ್ಲ, ಕೆಂಪು ಥರ್ಮಾಮೀಟರ್.”

ಅವನ ಶಾಲೆಯ ಚೀಲಕ್ಕೆ ಕೈ ಒರೆಸಿಕೊಳ್ಳುವ ಸ್ಯಾನಿಟೈಜರ್‌ನ ಪುಟ್ಟ ಬಾಟಲಿ ತೂಗುತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಆಲ್ಕೋಹಾಲ್. ಹುಡುಗ ಕೀಲಿಕೈಗೆ ಅದನ್ನು ಸವರಿದ, ಮೆಲ್ಲಗೆ ತೂತಿಗೆ ಒತ್ತಿದ, ಒಂದು ನಿಮಿಷ ಬಿಟ್ಟ, ಹೊರಗೆ ತೆಗೆದು ಒರೆಸಿದ, ಮತ್ತೆ ಸವರಿದ. ಮೂರನೆಯ ಸಲ ಕೀಲಿಕೈ ಅರ್ಧ ಹೋಯಿತು. ಏಳನೆಯ ಸಲವೋ ಎಂಟನೆಯ ಸಲವೋ ಪೂರ್ತಿ ಹೋಗಿ ಟಕ್ ಎಂದು ತಿರುಗಿತು. ಬಾಗಿಲ ಅಂಚಿನ ಬರ್ಫವನ್ನು ಮಗಳು ಅಂಗೈಯಿಂದ ತಟ್ಟಿ ತಟ್ಟಿ ಬಿಡಿಸಿದಳು.

ಮಗಳು ಆಸ್ಪತ್ರೆ ಮುಟ್ಟಿದ್ದು ನಲವತ್ತು ನಿಮಿಷ ತಡವಾಗಿ. ರಾತ್ರಿ ಪಾಳಿಯ ನರ್ಸ್ ಹನ್ನೆರಡು ತಾಸು ದುಡಿದವಳು, ಇವಳು ಬರುವ ತನಕ ರೋಗಿಗಳನ್ನು ಬಿಟ್ಟು ಏಳುವಂತಿಲ್ಲ. ಆಕೆಯ ಮನೆಯಲ್ಲಿ ಎರಡು ಸಣ್ಣ ಮಕ್ಕಳು ಅವ್ವನ ದಾರಿ ಕಾಯುತ್ತಿದ್ದರಂತೆ. ಸಂಜೆ ಊಟಕ್ಕೆ ಕೂತಾಗ ಮಗಳು ಇದನ್ನು ಸಹಜವಾಗಿ ಹೇಳಿದಳು, ನನ್ನನ್ನು ಚುಚ್ಚಲು ಅಲ್ಲ. ನನಗೆ ಮಾತ್ರ ರೊಟ್ಟಿ ಗಂಟಲಲ್ಲಿ ನಿಂತಿತು. ಕೀಲಿ ಬರ್ಫ ಹಿಡಿದದ್ದರಿಂದ ಹತ್ತು ನಿಮಿಷ ಹೋಗುತ್ತಿತ್ತೇನೋ. ಉಳಿದದ್ದೆಲ್ಲ ನನ್ನ ತಂಬಿಗೆಯಿಂದ ಹೋದದ್ದು.

ಅದೇ ತಿಂಗಳ 30ರಂದು ಮಿನಿಯಾಪೊಲಿಸ್‌ನಲ್ಲಿ ಸೊನ್ನೆಗಿಂತ 33 ಡಿಗ್ರಿ ಕೆಳಗೆ ಹೋಗಿ, ಶಾಲೆಗಳಿಗೆ ರಜೆ ಕೊಟ್ಟರು. ಆ ದಿನ ನಾನು ತಂಬಿಗೆ ಮುಟ್ಟಲಿಲ್ಲ.

ಮಕ್ಕಳೇ, ಬಿಸಿನೀರು ಯಾಕೆ ಕೈಕೊಟ್ಟಿತು? ಅದಕ್ಕೆ ಮೊದಲು ಕೀಲಿಯ ಒಳಗೆ ಇಣುಕಬೇಕು. ಕಾರಿನ ಕೀಲಿಯ ನಡುವೆ ಒಂದು ಸಣ್ಣ ಉರುಳೆ. ಅದರಲ್ಲಿ ಸಾಲಾಗಿ ತೆಳುವಾದ ಲೋಹದ ತಗಡುಗಳು, ಒಂದೊಂದಕ್ಕೂ ಕೂದಲಿನಂಥ ಒಂದು ಸ್ಪ್ರಿಂಗ್. ಕೀಲಿಕೈ ಇಲ್ಲದಾಗ ತಗಡುಗಳು ಉರುಳೆಯಿಂದ ಹೊರಗೆ ಚಾಚಿಕೊಂಡು ಅಡ್ಡ ನಿಂತಿರುತ್ತವೆ. ಸರಿಯಾದ ಕೀಲಿಕೈ ಹೋದಾಗ ಅದರ ಹಲ್ಲುಗಳು ಎಲ್ಲ ತಗಡುಗಳನ್ನೂ ಒಂದೇ ಮಟ್ಟಕ್ಕೆ ತರುತ್ತವೆ. ಆಗ ಉರುಳೆ ತಿರುಗುತ್ತದೆ. ಮನೆಯ ಬಾಗಿಲ ಕೀಲಿಯಲ್ಲಿ ತಗಡಿನ ಬದಲು ಸಣ್ಣ ಮೊಳೆಗಳಿರುತ್ತವೆ. ಅಮೆರಿಕದ ಲೈನಸ್ ಯೇಲ್ ಎಂಬವರು 1861ರಲ್ಲಿ ಅಂಥ ಕೀಲಿಗೆ ಪೇಟೆಂಟ್ ಪಡೆದರು. ಒಳಗೊಂದು ಪುಟ್ಟ ಹೇಂಟೆ ಸಿಕ್ಕಿದರೂ ಒಂದು ತಗಡು ಅಲುಗುವುದಿಲ್ಲ. ಒಂದು ತಗಡು ಅಲುಗದಿದ್ದರೆ ಇಡೀ ಬಾಗಿಲು ತೆರೆಯುವುದಿಲ್ಲ.

ನೀರು ಗಟ್ಟಿಯಾಗುವಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಕೂದಲೆಳೆಯಷ್ಟು ಸಂದಿಯಲ್ಲಿ ಅದು ಹಿಗ್ಗಿದರೆ ತಗಡುಗಳು ಸಿಮೆಂಟ್ ಹಾಕಿದ ಹಾಗೆ ಬಿಗಿಯುತ್ತವೆ. ನನ್ನ ಬಿಸಿನೀರು ಒಂದಿಷ್ಟು ಬರ್ಫ ಕರಗಿಸಿದ್ದು ನಿಜ. ಆದರೆ ಬಾಗಿಲಿನ ಕಬ್ಬಿಣ ಇಡೀ ರಾತ್ರಿ ತಣ್ಣಗಾಗಿತ್ತು. ಒಂದು ತಂಬಿಗೆಯ ಬಿಸಿಯನ್ನು ಅದು ಕ್ಷಣದಲ್ಲಿ ನುಂಗಿತು. ಬಿಸಿ ಹೋಯಿತು, ನೀರು ಉಳಿಯಿತು, ಬರ್ಫಕ್ಕೆ ಬರ್ಫ ಕೂಡಿತು. ಅದೇ ನೀರು ಗಾಜಿನ ಮೇಲೆ ಬಿದ್ದಿದ್ದರೆ ಗಾಜು ಸೀಳುವ ಸಂಭವವೂ ಇತ್ತು.

ಉಪ್ಪು? ಉಪ್ಪು ಬೆರೆತ ನೀರು ಬೇಗ ಗಟ್ಟಿಯಾಗುವುದಿಲ್ಲ ಎಂಬುದು ಸರಿ. ಆದರೆ ಸೊನ್ನೆಗಿಂತ ಒಂಬತ್ತು ಹತ್ತು ಡಿಗ್ರಿ ಕೆಳಗೆ ಹೋದ ಮೇಲೆ ರಸ್ತೆಯ ಉಪ್ಪಿನ ಶಕ್ತಿಯೂ ಕುಗ್ಗುತ್ತದೆ. ಮೇಲಾಗಿ ಕೀಲಿಯೊಳಗೆ ಉಪ್ಪು ಹೋದರೆ ತುಕ್ಕು ತಪ್ಪಿದ್ದಲ್ಲ. ಉಪ್ಪು ಕಬ್ಬಿಣಕ್ಕೆ ಏನು ಮಾಡುತ್ತದೆ ಎಂಬುದನ್ನು ಡೋಣಿ ದಂಡೆಯವರಿಗೆ ಹೇಳಿಕೊಡಬೇಕೆ? ನಮ್ಮ ಹೊಳೆಯ ನೀರೇ ಉಪ್ಪು.

ಚಳಿಯ ದೇಶಗಳಲ್ಲಿ ಮಕ್ಕಳಿರುವ ಅಜ್ಜ ಅಜ್ಜಿಯರು ಇಷ್ಟು ನೆನಪಿಡಿ. ಕೀಲಿಕೈಯನ್ನು ಬಲವಂತದಿಂದ ತಿರುವಬೇಡಿ. ಸ್ಪಿರಿಟ್ ಅಥವಾ ಸ್ಯಾನಿಟೈಜರ್ ಸವರಿ, ಕಾಯಿರಿ. ಅಂಗಡಿಗಳಲ್ಲಿ ಕೀಲಿಯ ಬರ್ಫ ಬಿಡಿಸುವ ಸ್ಪ್ರೇ ಸಿಗುತ್ತದೆ. ಅದನ್ನು ಕಾರಿನೊಳಗೆ ಇಟ್ಟರೆ ಉಪಯೋಗವಿಲ್ಲ, ಕೋಟಿನ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಕೆಲವರು ಕೀಲಿಕೈಯನ್ನೇ ಲೈಟರ್‌ನಿಂದ ಬಿಸಿಮಾಡುತ್ತಾರೆ. ಬರೀ ಲೋಹದ ಕೀಲಿಕೈಗೆ ಅದು ನಡೆಯುತ್ತದೆ. ಪ್ಲಾಸ್ಟಿಕ್ ತಲೆಯೊಳಗೆ ಚಿಪ್ ಇದ್ದರೆ ಅದು ಸುಟ್ಟುಹೋಗುತ್ತದೆ. ಸ್ಪಿರಿಟ್ ಹಾಕಿದ ಕಡೆಯಂತೂ ಬೆಂಕಿ ತರಲೇಬಾರದು. ಮಕ್ಕಳು ಬಾಯಿಯಿಂದ ಊದಲು ಹೋಗಬಾರದು. ಉಸಿರಿನ ತೇವವೂ ಒಳಗೆ ಹೋಗಿ ಬರ್ಫವಾಗುತ್ತದೆ. ಆ ಚಳಿಯಲ್ಲಿ ತುಟಿಯೋ ನಾಲಿಗೆಯೋ ಲೋಹಕ್ಕೆ ತಾಗಿದರೆ ಅಲ್ಲೇ ಅಂಟಿಕೊಂಡು ಚರ್ಮ ಕಿತ್ತುಬರುತ್ತದೆ.

ಈಗ ತಾಳಿಕೋಟೆಗೆ ಬರೋಣ. ಸಾವುಕಾರರ ಮೊಮ್ಮಗ ಪಕ್ಕಡ ಹಿಡಿದು ನಿಂತೇ ಇದ್ದಾನೆ.

“ತಮ್ಮಾ, ಒಳಗ ಏನೈತಿ?” ಎಂದು ಕೇಳಿದೆ.

“ಯಾವದರಾಗ್ರೀ ಸರ್?”

“ಕೀಲಿಯೊಳಗ.”

ಹುಡುಗ ಬಗ್ಗಿ ಇಣುಕಿದ. ಕೀಲಿಕೈ ತೆಗೆದು ನೋಡಿದ. ಅದರ ಹಲ್ಲಿನ ಸಂದಿಯಲ್ಲಿ ಕಪ್ಪು ಅಂಟು. ಮೂಸಿದ. “ಎಣ್ಣಿ ವಾಸನಿ ಬರತೈತ್ರೀ.”

ಆಗ ಒಳಗಿನಿಂದ ಅವರ ಆಯಿ ಹೇಳಿದರು: “ನಾನs ಹಾಕೀನ್ರೀ. ವರ್ಷಾ ಮಾರ್ನವಮಿಗೆ ಗಾಡಿ ಪೂಜಾ ಮಾಡುವಾಗ ಕೀಲಿಗೆ ಎರಡು ಹನಿ ಕುಸುಬಿ ಎಣ್ಣಿ ಬಿಡತೀನಿ. ಸಲೀಸ ಆಗಲಿ ಅಂತ.”

ಒಳಗೇನಿದೆ ಎಂಬುದು ಗೊತ್ತಾಯಿತು. ಆಯಿಯ ಪ್ರೀತಿಯಲ್ಲಿ ತಪ್ಪಿಲ್ಲ, ಎಣ್ಣೆಯ ಗುಣದಲ್ಲಿ ಇದೆ. ಕುಸುಬಿ ಎಣ್ಣೆ ಗಾಳಿಗೆ ನಿಧಾನವಾಗಿ ಒಣಗಿ ಪೊರೆ ಕಟ್ಟುತ್ತದೆ. ಅದಕ್ಕೇ ಚಿತ್ರಕಾರರು ಅದನ್ನು ಬಣ್ಣ ಕಲಸಲು ಬಳಸುತ್ತಾರೆ. ಬಣ್ಣಕ್ಕೆ ಒಳ್ಳೆಯದಾದದ್ದು ಕೀಲಿಗೆ ಕೆಟ್ಟದ್ದು. ಅದರ ಮೇಲೆ ನಮ್ಮ ಎರೆ ಮಣ್ಣಿನ ಧೂಳು. ಗಾಳಿ ಬಿಟ್ಟರೆ ಊರೆಲ್ಲ ಧೂಳು ಹೊದೆಯುವ ಸೀಮೆ ನಮ್ಮದು. ಎಣ್ಣೆ, ಧೂಳು, ಎಣ್ಣೆ, ಧೂಳು ಎಂದು ವರ್ಷ ವರ್ಷ ಪದರ ಬಿದ್ದು ತಗಡುಗಳು ಮಿನಿಯಾಪೊಲಿಸ್‌ನ ಬರ್ಫದಲ್ಲಿ ಸಿಕ್ಕ ಹಾಗೆಯೇ ಸಿಕ್ಕಿಕೊಂಡಿದ್ದವು.

ಹುಡುಗನನ್ನು ಸೈಕಲ್ ಅಂಗಡಿಗೆ ಓಡಿಸಿದೆ. ಗಾಳಿ ಹೊಡೆಯುವ ಪಂಪು ತಂದ. ಮೊದಲು ಪಂಪಿನಿಂದ ತೂತಿಗೆ ಗಾಳಿ ಹೊಡೆದೆವು. ಒಣ ಧೂಳು ಒಂದಿಷ್ಟು ಹಾರಿತು. ಆಮೇಲೆ ಹಾರ್ಡ್‌ವೇರ್ ಅಂಗಡಿಯಿಂದ ತುಕ್ಕು ಬಿಡಿಸುವ ಸ್ಪ್ರೇ ತರಿಸಿ, ಅದರ ಕೆಂಪು ಕೊಳವೆಯನ್ನು ತೂತಿನ ಬಾಯಿಗೆ ಇಟ್ಟು ಹೊಡೆದೆ. ಈ ಕೆಲಸ ದೊಡ್ಡವರದು. ಬೀಡಿ, ಊದಿನಕಡ್ಡಿ ಹತ್ತಿರ ಇರಬಾರದು, ಕಣ್ಣಿಗೆ ಸಿಡಿಯದ ಹಾಗೆ ನೋಡಿಕೊಳ್ಳಬೇಕು. ಹತ್ತು ನಿಮಿಷ ಬಿಟ್ಟೆವು. ಹುಡುಗ ಕೀಲಿಕೈಯನ್ನು ತಿರುವದೆ ಸುಮ್ಮನೆ ಒಳಗೆ ಹಾಕುವುದು, ಹೊರಗೆ ತೆಗೆಯುವುದು, ಹಳೆ ಧೋತ್ರದ ತುಂಡಿಗೆ ಒರೆಸುವುದು, ಹೀಗೆ ಮಾಡುತ್ತ ಹೋದ. ಪ್ರತಿ ಸಲವೂ ಕಾಡಿಗೆಯಂಥ ಕೆಸರು ಬಂತು.

“ಸರ್, ಇನ್ನೂ ಎಷ್ಟ್ ಸಲರೀ?”

“ಅರಿವಿ ಮ್ಯಾಲ ಕಪ್ಪು ಬರೂದು ನಿಲ್ಲೂ ತನಕ.”

ಅರ್ಧ ತಾಸು ಹಿಡಿಯಿತು. ನಡುವೆ ಎರಡು ಸಲ ಹುಡುಗನ ಕಣ್ಣು ಪಕ್ಕಡದ ಕಡೆ ಹೋದದ್ದನ್ನು ನಾನು ನೋಡಿದೆ. ಅದನ್ನು ತೆಗೆದು ನನ್ನ ಬಗಲಿಗೆ ಇಟ್ಟುಕೊಂಡೆ. ಕೊನೆಗೆ ಅರಿವೆ ಬೆಳ್ಳಗೇ ಉಳಿದಾಗ, “ಈಗ ಎರಡು ಬೆರಳಿನಿಂದ ಅಷ್ಟs ತಿರುವು” ಎಂದೆ. ಟಕ್. ಬಾಗಿಲು ತೆರೆಯಿತು. ಸಾವುಕಾರರು ಕರಿ ಕನ್ನಡಕದ ಒಳಗಿನಿಂದಲೇ ಕೈ ಮುಗಿದರು. ಬಾನೆಟ್ ಎತ್ತಿ, ಪಕ್ಕದ ಗಾಡಿಯಿಂದ ವೈರ್ ಹಚ್ಚಿ ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿಕೊಟ್ಟ.

ಕೊನೆಯ ಕೆಲಸ ಹುಡುಗನ ಕಂಪಾಸಿನಲ್ಲಿಯೇ ಇತ್ತು. ಸ್ಪ್ರೇ ಒಣಗಿದ ಮೇಲೆ, ಚಿತ್ರ ಬಿಡಿಸುವ ಮೆತ್ತನೆಯ ಪೆನ್ಸಿಲ್‌ನಿಂದ ಕೀಲಿಕೈಯ ಎರಡೂ ಬದಿ ಮಿರಿಮಿರಿ ಮಿಂಚುವಂತೆ ತಿಕ್ಕಿಸಿದೆ. ಆಮೇಲೆ ನಾಲ್ಕು ಸಲ ಒಳಗೆ ಹೊರಗೆ. ಪೆನ್ಸಿಲ್‌ನಲ್ಲಿ ಇರುವುದು ಸೀಸ ಎಂದು ಬಹಳ ಮಕ್ಕಳು ತಿಳಿದಿದ್ದೀರಿ. ಅದು ಸೀಸವಲ್ಲ, ಗ್ರಾಫೈಟ್ ಎಂಬ ಇಂಗಾಲ. ಅದರ ಪದರಗಳು ಒಂದರ ಮೇಲೊಂದು ಜಾರುತ್ತವೆ. ಅದಕ್ಕೇ ಕಾಗದದ ಮೇಲೆ ಗೆರೆ ಮೂಡುತ್ತದೆ, ಅದಕ್ಕೇ ಕೀಲಿ ಸಲೀಸಾಗುತ್ತದೆ. ಒಣ ಪುಡಿಯಾದ್ದರಿಂದ ಧೂಳು ಅಂಟುವುದಿಲ್ಲ. ಆದರೆ ಗ್ರಾಫೈಟ್ ಹಾಕಿದ ಕೀಲಿಗೆ ಮತ್ತೆ ಎಣ್ಣೆ ಬಿಡಬಾರದು, ಎರಡೂ ಸೇರಿ ಮತ್ತೆ ಕೆಸರಾಗುತ್ತದೆ. “ಆಯಿ, ಮುಂದಿನ ಮಾರ್ನವಮಿಗೆ ಕೀಲಿಗೆ ಕುಂಕುಮ ಅಷ್ಟs ಹಚ್ರೀ” ಎಂದೆ. ಅವರು ನಕ್ಕರು.

ಸಂಜೆ ಮೊಮ್ಮಗನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಈಗ ಅವನಿಗೆ ಮೀಸೆ ಚಿಗುರುತ್ತಿದೆ, ಮಾತು ಕಡಿಮೆ. “ಅಜ್ಜಾ, ಬಿಸಿನೀರು ಹಾಕಲಿಲ್ಲಲ್ಲ?” ಎಂದು ಒಂದೇ ಮಾತು ಕೇಳಿದ. ಇಲ್ಲಪ್ಪಾ ಎಂದೆ.

ನನ್ನ ವಯಸ್ಸಿನವರಿಗೆ ಒಂದು ಮಾತು. ನೀರು ಗಟ್ಟಿಯಾದರೆ ಹಿಗ್ಗುತ್ತದೆ ಎಂದು ಮೂವತ್ತೊಂದು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಅವಸರ ಬಂದಾಗ ಕೈ ಮುಂದೆ ಓಡಿತು, ಬರೆದದ್ದು ಹಿಂದೆ ಉಳಿಯಿತು. ಬಾಗಿಲು ಬಿಗಿದಾಗ ಮಗು ಬಂದು ಒಳಗೇನಿದೆ ಎಂದು ಕೇಳಿದರೆ, “ಸುಮ್ನ ಸರಿ ಅತ್ಲಾಗ” ಎನ್ನಬೇಡಿ. ಅರ್ಧ ನಿಮಿಷ ಉತ್ತರ ಹುಡುಕಿ. ಬರ್ಫಕ್ಕೆ ಸ್ಪಿರಿಟ್, ಎಣ್ಣೆಯ ಕೆಸರಿಗೆ ಸ್ಪ್ರೇ, ಒಣ ಧೂಳಿಗೆ ಗಾಳಿ. ಒಳಗೇನಿದೆ ಎಂದು ತಿಳಿದರೆ ಮದ್ದು ತಾನಾಗಿ ಸಿಗುತ್ತದೆ. ಜೋರು ಹಾಕಿದರೆ ಮುರಿಯುವುದು ಕೀಲಿಕೈ.

ಮಕ್ಕಳೇ, ಈ ವಾರದ ಕೆಲಸ: ಎರಡು ಪ್ಲಾಸ್ಟಿಕ್ ಲೋಟ ತೆಗೆದುಕೊಳ್ಳಿ, ಗಾಜಿನದು ಬೇಡ. ಎರಡಕ್ಕೂ ಮುಕ್ಕಾಲು ನೀರು ಹಾಕಿ. ಒಂದಕ್ಕೆ ನಾಲ್ಕು ಚಮಚ ಉಪ್ಪು ಕರಗಿಸಿ. ನೀರಿನ ಮಟ್ಟಕ್ಕೆ ಪೆನ್ನಿನಿಂದ ಗೆರೆ ಎಳೆದು ರಾತ್ರಿ ಫ್ರಿಜ್‌ನ ಐಸ್ ಖಾನೆಯಲ್ಲಿ ಇಡಿ. ಬೆಳಗ್ಗೆ ಯಾವುದು ಗೆರೆ ದಾಟಿದೆ, ಯಾವುದು ಇನ್ನೂ ಮೆತ್ತಗಿದೆ ಎಂದು ನೋಡಿ, ಅಜ್ಜನಿಗೋ ಅಜ್ಜಿಗೋ ತೋರಿಸಿ. ನನಗೂ ಬರೆದು ತಿಳಿಸಿ.